ಹಾಲು ಕರೆದ ಹಾಗೆ ವಿಷ

ನಾಗರಪಂಚಮಿ ದಿನ ಬೆಳಿಗ್ಗೆಯೇ ಶಿರಸಿಯಿಂದ ಫೋಟೊ ಬಂದಿತ್ತು. ತೋಟದ ಮೇಲಿನ ನಾಗನ ಕಟ್ಟೆಗೆ ಅಣ್ಣನ ಮಗ ಹಾಲೆರೆಯುತ್ತಿದ್ದ. ಸುತ್ತ ಮಳೆ, ಹಸಿರು. ಇಲ್ಲಿ ಸಿಡ್ನಿಯಲ್ಲಿ ಆಗ ಚಳಿಗಾಲ. ಆ ವಾರದ ಭಾನುವಾರ ಮಗ, "ಅಪ್ಪಯ್ಯ, ಹಾವು ನೋಡಲಿಕ್ಕೆ ಹೋಗುವಾ" ಎಂದ. ಮೊಮ್ಮಕ್ಕಳಿಬ್ಬರೂ ಆಗಲೇ ಬೂಟು ಹಾಕಿಕೊಂಡು ನಿಂತಿದ್ದರು.

ಕಾರಿನಲ್ಲಿ ಉತ್ತರಕ್ಕೆ ಒಂದು ತಾಸಿನ ದಾರಿ. ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್ ಎಂದು ಹೆಸರು. ಮೊಮ್ಮಗ ಕಾಂಗರೂಗಳಿಗೆ ತಿನ್ನಲು ಕೊಟ್ಟ. ಎಲ್ವಿಸ್ ಎಂಬ ದೊಡ್ಡ ಮೊಸಳೆಯ ಎದುರು ನಿಂತು, "ದಾಂಡೇಲಿಯ ಕಾಳಿ ನದಿಯಲ್ಲೂ ಮೊಸಳೆ ಇವೆ" ಎಂದೆ. ಅವನು ನಂಬಲೇ ಇಲ್ಲ. ಬಂದಾಗ ತೋರಿಸ್ತೇನೆ ಅಂದೆ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಷ ತೆಗೆಯುವ ಕೋಣೆ. ಗಾಜಿನ ಆಚೆ ಒಬ್ಬಳು ಹುಡುಗಿ ಟೈಗರ್ ಸ್ನೇಕ್ ಎಂಬ ಹಾವಿನ ತಲೆಯನ್ನು ಬೆರಳಲ್ಲಿ ಹಿಡಿದಿದ್ದಳು. ತೆಳ್ಳನೆಯ ಪೊರೆ ಬಿಗಿದ ಲೋಟಕ್ಕೆ ಅದರ ಹಲ್ಲು ಚುಚ್ಚಿಸಿದಳು. ವಿಷ ತೊಟ್ಟು ತೊಟ್ಟಾಗಿ ಇಳಿಯಿತು. ಥೇಟ್ ಹಾಲು ಕರೆದ ಹಾಗೆ! ಇಷ್ಟೇ ಇಷ್ಟು ಅಲ್ವಾ ಅನ್ನಿಸಿತು.

1950ರ ದಶಕದಿಂದ ಇವರು ಈ ಕೆಲಸ ಮಾಡುತ್ತಿದ್ದಾರೆ. ಈ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷ ತಡೆಯುವ ಶಕ್ತಿ ಬೆಳೆಯುತ್ತದೆ. ಅದರಿಂದ ಔಷಧ ತಯಾರಾಗುತ್ತದೆ. ಫನೆಲ್ ವೆಬ್ ಎಂಬ ಜೇಡದ ವಿಷವನ್ನೂ ಇಲ್ಲಿ ತೆಗೆಯುತ್ತಾರೆ. 1981ರಲ್ಲಿ ಅದಕ್ಕೆ ಔಷಧ ಬಂದ ಮೇಲೆ ಆ ಜೇಡ ಕಚ್ಚಿ ಇಲ್ಲಿ ಯಾರೂ ಸತ್ತಿಲ್ಲ. ಜನರೇ ಮನೆಯಲ್ಲಿ ಸಿಕ್ಕ ಜೇಡವನ್ನು ಬಾಟಲಿಯಲ್ಲಿ ಹಾಕಿ ತಂದು ಕೊಡುತ್ತಾರೆ. ನನಗೆ ಇದು ಬಹಳ ಇಷ್ಟವಾಯಿತು.

ನಮ್ಮಲ್ಲೂ ಈ ಕೆಲಸ ಉಂಟು. ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿದ ಸಹಕಾರಿ ಸಂಘ ವಿಷ ತೆಗೆಯುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ನಮ್ಮಲ್ಲಿ ಒಂದೇ ಇಂಜೆಕ್ಷನ್.

"ಅಜ್ಜಾ, ಎಂತಕ್ಕೆ ಅಲ್ಲೇ ನಿಂತೆ?" ಎಂದು ಒಂಬತ್ತು ವರ್ಷದ ಮೊಮ್ಮಗಳು ಕೇಳಿದಳು. ನನ್ನ ತಮ್ಮನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಹದಿನೇಳು ವರ್ಷ. ಮಳೆಗಾಲದ ಸಂಜೆ ಬೆಟ್ಟದಿಂದ ಸೊಪ್ಪಿನ ಹೊರೆ ತರುವಾಗ ಕೊಳಕುಮಂಡಲ ಕಚ್ಚಿತು. ನಾವು ಕಾಲಿಗೆ ಹಗ್ಗ ಬಿಗಿದೆವು, ಕಚ್ಚಿದ ಜಾಗ ಕೊಯ್ದೆವು. ಮಂತ್ರ ಹಾಕಿಸಲು ಪಕ್ಕದ ಊರಿಗೆ ಹೊತ್ತುಕೊಂಡು ಹೋದೆವು. ಬೆಳಗಾಗುವ ಹೊತ್ತಿಗೆ ಆಸ್ಪತ್ರೆ ಮುಟ್ಟಿದೆವು. ಅವನು ಉಳಿಯಲಿಲ್ಲ. ಹಗ್ಗ ಬಿಗಿದವನು ನಾನೇ. ಒಳ್ಳೆಯದಕ್ಕೇ ಬಿಗಿದೆ ಅಂದುಕೊಂಡಿದ್ದೆ.

ಇಲ್ಲಿ ಹಾವು ಕಚ್ಚಿದರೆ ಇಡೀ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಾರೆ. ಇಲ್ಲಿಯ ಹಾವುಗಳಿಗೆ ಅದು ಸರಿ. ಊರಲ್ಲಿ ಅದನ್ನು ನೋಡಿ ಮಾಡಬೇಡಿ. ಮಂಡಲ ಕಚ್ಚಿದ ಕಾಲನ್ನು ಬಿಗಿದರೆ ಮಾಂಸವೇ ಕೊಳೆಯಬಹುದು. ಕೊಯ್ಯಬೇಡಿ, ಬಿಗಿಯಬೇಡಿ. ಕೈಕಾಲು ಅಲುಗಾಡದ ಹಾಗೆ ಇಟ್ಟು ತಕ್ಷಣ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಪ್ರಕರಣ ಎಂದು ಸಾರಿದೆ. ಎಷ್ಟು ಜನ ಸಾಯುತ್ತಿದ್ದಾರೆ ಎಂಬ ಲೆಕ್ಕ ಸಿಕ್ಕರೆ ಔಷಧ ಎಲ್ಲಿ ಜಾಸ್ತಿ ಬೇಕು ಎಂಬುದೂ ತಿಳಿಯುತ್ತದೆ.

ತಮ್ಮನ ಕಥೆ ಕೇಳಿದ ಮೊಮ್ಮಗಳು ನನ್ನ ಕೈ ಹಿಡಿದುಕೊಂಡು ಸುಮ್ನೆ ನಿಂತಳು. ಆಮೇಲೆ ಅವನ ಹೆಸರು ಕೇಳಿದಳು. ಹೇಳಿದೆ.

ರಾತ್ರಿ ಅಣ್ಣನ ಮಗನಿಗೆ ಫೋನ್ ಮಾಡಿದೆ. ತೋಟಕ್ಕೆ ಬರುವ ಆಳುಗಳಿಗೆಲ್ಲ ಗಂಬೂಟು ಕೊಡಿಸು, ದುಡ್ಡು ನಾನು ಕಳಿಸ್ತೇನೆ ಅಂದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ ಎಂದು ನಾಳೆಯೇ ಕೇಳಿ, ಅಲ್ಲಿಯ ನಂಬರನ್ನು ಅಡುಗೆಮನೆ ಗೋಡೆಯ ಮೇಲೆ ದಪ್ಪಗೆ ಬರೆ ಅಂದೆ. ಬರೆದು ಫೋಟೊ ಕಳಿಸಿದ್ದಾನೆ.