ಉಂಡಿ ಕಟ್ಟುತ್ತಾ ಕೇಳಿದ ವರದಿ

2025ರ ಪಂಚಮಿಗೆ ತವರಿಗೆ ಹೋಗಿದ್ದೆ. ಹಾವೇರಿ ಜಿಲ್ಲೆಯ ವರದಾ ನದಿ ದಂಡೆಯ ಊರು ನಮ್ಮದು. ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಅವ್ವ, ದೊಡ್ಡವ್ವ, ವೈನಿ, ಓಣಿಯ ಇನ್ನೂ ನಾಲ್ಕೈದು ಹೆಣ್ಣುಮಕ್ಕಳು ಉಂಡಿ ಕಟ್ಟುತ್ತಿದ್ದರು. ಶೇಂಗಾ ಉಂಡಿ ಮುಗಿದು ಎಳ್ಳಿಗೆ ಕೈ ಹಾಕಿದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಹೊಸ್ತಿಲ ಮೇಲೆ ಒಂದು ಪುಸ್ತಕ ಇಟ್ಟು, 'ಶಾಸಕರು ಕೊಟ್ಟಾರ್ರಿ. ಹಬ್ಬ ಮುಗಿದ ಮ್ಯಾಲೆ ಸಾಲಿ ಅಂಗಳದಾಗ ಸಭೆ ಐತಿ' ಅಂತ ಹೇಳಿ ಮುಂದಿನ ಮನೆಗೆ ಓಡಿದ.

ಎರಡು ವರ್ಷದಲ್ಲಿ ಕ್ಷೇತ್ರದಲ್ಲಿ ಆದ ಕೆಲಸಗಳ ವರದಿ ಅದು. ಬಣ್ಣದ ಹಾಳೆ, ತುಂಬ ಫೋಟೋ. ನಾನು ಪುಟ ತಿರುವಿ ನೋಡಿ ಪಕ್ಕಕ್ಕಿಟ್ಟೆ. ದೊಡ್ಡವ್ವ ಬಿಡಲಿಲ್ಲ. 'ನಮ್ಮ ಕೈಯಂತೂ ಖಾಲಿ ಇಲ್ಲ. ನೀ ಓದು ಮಗಳ, ಏನ್ ಬರದಾರ ಕೇಳೂಣು' ಅಂದಳು.

ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಆದರೆ ಕೇಳಿದ್ದನ್ನು ಮರೆಯುವವಳಲ್ಲ.

ಮೊದಲು ಶಕ್ತಿ ಯೋಜನೆ. 2023ರ ಜೂನ್ 11ರಂದು ಶುರುವಾಯಿತು, ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ಅಂತ ಓದಿದೆ. ಎಲ್ಲರ ಮುಖ ಅರಳಿತು. ಒಬ್ಬಾಕೆ ಆ ಟಿಕೆಟ್ಟಿನಿಂದಲೇ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಮೂರು ಸಲ ಹೋಗಿ ಬಂದಿದ್ದಳು. ಗಂಡನ ಹತ್ತಿರ ಬಸ್ಸಿನ ದುಡ್ಡು ಕೇಳದೆ ತವರಿಗೆ ಹೋಗುವ ಸುಖ ಏನು ಅಂತ ಹೆಣ್ಣಿಗೇ ಗೊತ್ತು. ಆಗ ವೈನಿ ಹೇಳಿದಳು, 'ಟಿಕೆಟ್ ಇಲ್ಲ, ಖರೇ. ಮುಂಜಾನೆ ಎಂಟರ ಬಸ್ ಹಿಂದಿನ ಊರಾಗ ತುಂಬಿ ಬರ್ತೈತಿ. ನಮ್ಮ ಹುಡುಗಿ ಕಾಲೇಜಿಗೆ ವಾರದಾಗ ಎರಡು ದಿನ ಹೋಗೂದ ಇಲ್ಲ. ಅದನ್ನ ಬರದಾರೇನು?'

ಬರೆದಿರಲಿಲ್ಲ. ನಾನು ಪೆನ್ನು ತಂದು ಆ ಪುಟದ ಅಂಚಿನಲ್ಲಿ ಬರೆದುಕೊಂಡೆ. ಅಲ್ಲಿಂದ ಓದುವ ರೀತಿಯೇ ಬದಲಾಯಿತು. ಒಂದು ಸಾಲು ನಾನು ಓದುವುದು, ಒಂದು ಸಾಲು ಅವರು ಹೇಳುವುದು.

ಪುಕ್ಕಟೆ ಕರೆಂಟಿನ ಗೃಹಜ್ಯೋತಿಯ ಪುಟದಲ್ಲಿ 200 ಯೂನಿಟ್ ಅಂತ ದೊಡ್ಡ ಅಕ್ಷರದಲ್ಲಿತ್ತು. 'ಹಂಗಾದ್ರ ನಮಗ್ಯಾಕ ಬಿಲ್ ಬಂತು?' ಅಂತ ಪಕ್ಕದ ಮನೆಯವರು ಕೇಳಿದರು. ಅದನ್ನು ನಾನೇ ವಿವರಿಸಿದೆ. ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕುತ್ತಾರೆ. ಮೊದಲು ಶೇಕಡಾ 10 ಸೇರಿಸುತ್ತಿದ್ದರು, 2024ರಲ್ಲಿ ಕಡಿಮೆ ಬಳಸುವ ಮನೆಗಳಿಗೆ ಅದನ್ನು 10 ಯೂನಿಟ್ ಮಾಡಿದರು. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಅವರ ಮನೆಗೆ ಆಮೇಲೆ ಫ್ರಿಜ್ ಬಂದಿತ್ತು. ಇಷ್ಟು ಸರಳ ಮಾತನ್ನು ಬಿಲ್ ಕೊಡುವಾಗ ಯಾರೂ ಹೇಳಿರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ.

ಗೃಹಲಕ್ಷ್ಮಿ ಅಂದ ಕೂಡಲೇ ದೊಡ್ಡವ್ವ ಉಂಡಿ ಕಟ್ಟುವುದು ನಿಲ್ಲಿಸಿದಳು. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವಳೇ. ಮೊದಮೊದಲು ತಿಂಗಳಿಗೆ 2000 ರೂಪಾಯಿ ಬಂದಿತ್ತು. ಆಮೇಲೆ ನಿಂತಿತ್ತು. ಓಣಿಯಲ್ಲಿ ಉಳಿದವರಿಗೆ ಕಂತು ಬಂದಾಗಲೂ ಅವಳಿಗೆ ಬರಲಿಲ್ಲ. ಬ್ಯಾಂಕಿಗೆ ಹೋದರೆ 'ನಮ್ಮ ಕಡೆ ಬಂದಿಲ್ಲ' ಅಂದರಂತೆ. ಇನ್ನೊಂದು ಕಚೇರಿಯಲ್ಲಿ 'ಹೋಗೇತಿ' ಅಂದರಂತೆ. ಮೊಣಕಾಲು ನೋವಿನ ಹೆಂಗಸು ಎರಡು ಬಾಗಿಲ ನಡುವೆ ನಾಲ್ಕು ಸಲ ಅಡ್ಡಾಡಿದ್ದಾಳೆ. ನಾನು ಹುಬ್ಬಳ್ಳಿಯಲ್ಲಿ ಕುಳಿತು ಫೋನಿನಲ್ಲಿ 'ಬರ್ತಾವ ಬಿಡು' ಅನ್ನುತ್ತಿದ್ದೆ. ಈಗಲೂ ಅದು ಚುಚ್ಚುತ್ತದೆ.

ಅನ್ನಭಾಗ್ಯವನ್ನು ಬೇಗ ಮುಗಿಸಿದೆವು. ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬರುತ್ತಿದ್ದದ್ದು, 2025ರ ಫೆಬ್ರವರಿಯಿಂದ ಅಕ್ಕಿಯೇ ಆದದ್ದು ಎಲ್ಲರಿಗೂ ಗೊತ್ತಿತ್ತು. 'ಅಕ್ಕಿ ಸಾಕು, ಜೋಳ ಕೊಡ್ರಿ ಅಂತ ಬರಿ' ಅಂದಳು ಅವ್ವ. ಬರೆದೆ.

ಮುಂದಿನದು ನೀರು. 'ಮನೆ ಮನೆಗೆ ಗಂಗೆ'ಯಲ್ಲಿ ನಮ್ಮೂರಿನ ಎಲ್ಲಾ ಮನೆಗೂ ನಳ ಕೊಟ್ಟಾಗಿದೆ ಅಂತ ಇತ್ತು. ಕೇಂದ್ರದ ಜಲಜೀವನ್ ಮಿಷನ್ನಿಗೆ ನಮ್ಮ ರಾಜ್ಯದ ಹೆಸರು ಅದು, ಅದರಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಲೆಕ್ಕ. ನಾನು ಓದಿ ಮುಗಿಸುವ ಮೊದಲೇ ಓಣಿಯ ತುದಿಯ ಮನೆಯಾಕೆ ಎದ್ದು ನಿಂತಳು. 'ನಳ ಐತಿ ತಂಗಿ, ಸುಳ್ಳಲ್ಲ. ನೀರ ಏರಂಗಿಲ್ಲ. ನನ್ನ ಸೊಸಿ ಬಸುರಿ, ಈಗೂ ಎರಡು ಕೊಡ ಹೊತ್ಕೊಂಡು ಬರ್ತಾಳ.' ಪಡಸಾಲೆ ಸುಮ್ಮನಾಯಿತು. ಪುಟದಲ್ಲಿ ಆ ಸಾಲು ಎಲ್ಲೈತಿ ತೋರಿಸು ಅಂದಳು. ತೋರಿಸಿದೆ. ಅವಳೂ ಅದರ ಮೇಲೆ ಬೆರಳಿಟ್ಟಳು, ಬೆರಳಿನ ಬೆಲ್ಲದ ಪಾಕ ಹಾಳೆಗೆ ಅಂಟಿತು.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ಅಂತ ಓದಿದಾಗ ಎಲ್ಲರೂ ಬಾಯಿ ಮೇಲೆ ಕೈ ಇಟ್ಟರು. ಕ್ಷೇತ್ರದಲ್ಲಿ ನೂರು ಊರು ಅಂತ ಹಿಡಿದರೂ ಊರಿಗೆ ಎರಡು ಲಕ್ಷ ಆಯಿತು ಅಂತ ಲೆಕ್ಕ ಹಾಕಿ ಹೇಳಿದೆ. ಮನೆಗೆ ಒಂದು ಖೋಲಿ ಕಟ್ಟಿಸಿದವರಿಗೆ ಎರಡು ಲಕ್ಷ ಎಷ್ಟು ದೂರ ಹೋಗುತ್ತದೆ ಅಂತ ಗೊತ್ತು. 'ಹಂಗಾದ್ರ ಅವರಿಗೂ ಕೈ ಬಿಗಿ ಐತಿ ಬಿಡು' ಅಂದಳು ಅವ್ವ. ದೊಡ್ಡ ಕೆಲಸಕ್ಕೆಲ್ಲ ಇಲಾಖೆಯ ದುಡ್ಡೇ ಬರಬೇಕು, ಅದನ್ನು ತರಿಸುವುದು ಶಾಸಕರ ಕೆಲಸ ಅಂತ ಹೇಳಿದೆ. ಅದೂ ಅವರಿಗೆ ಹೊಸ ಮಾತು.

ಕೊನೆಯ ಎರಡು ಪುಟ ಕ್ಷೇತ್ರದ ಸುದ್ದಿ. ಕುಸ್ತಿಯಲ್ಲಿ ಗೆದ್ದ ಹುಡುಗ, ಸಂಘದಿಂದ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರ ಫೋಟೋಗಳು. ಅದರಲ್ಲಿ ನಮ್ಮೂರ ಹುಡುಗಿ ಒಬ್ಬಳಿದ್ದಳು. ಅವಳ ತಾಯಿ ಅಲ್ಲೇ ಎಳ್ಳು ಹುರಿಯುತ್ತಾ ಕುಳಿತಿದ್ದಳು. ಕೂಲಿಗೆ ಹೋಗುವವಳು, ಬ್ಯಾಡಗಿ ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳು ಉರಿದವಳು. ಪುಸ್ತಕ ಮನೆಮನೆಗೆ ಬಂದಿದ್ದರೂ ಮಗಳ ಫೋಟೋ ಅದರಲ್ಲಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಇಡೀ ಪುಸ್ತಕದಲ್ಲಿ ಅತಿ ಒಳ್ಳೆಯ ಪುಟ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಬ್ಬ ಮುಗಿದು ಎರಡು ದಿನಕ್ಕೆ ಸಭೆ. ಇಂಥ ಸಭೆಗೆ ನಮ್ಮ ಓಣಿಯ ಹೆಣ್ಣುಮಕ್ಕಳು ಹೋಗುವುದು ಕಡಿಮೆ, ಹೋದರೂ ಹಿಂದೆ ನಿಲ್ಲುತ್ತಾರೆ. ಅವತ್ತು ಹದಿನಾರು ಜನ ಹೋಗಿ ಮುಂದೆ ಕುಳಿತೆವು. ಶಾಸಕರು ಅರ್ಧ ತಾಸು ಕಾರ್ಯಕ್ರಮಗಳನ್ನು ಹೇಳಿದರು. ಕೇಳುವುದಿದ್ದರೆ ಕೇಳಿ ಅಂದಾಗ ಊರ ಹಿರಿಯರು ಗುಡಿಯ ಕಾಂಪೌಂಡಿನ ಮಾತು ತೆಗೆದರು. ಅದು ಮುಗಿಯುತ್ತಲೇ ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಎದ್ದಳು.

'ಯಪ್ಪಾ, ನಿಮ್ಮ ಪುಸ್ತಕ ಪೂರಾ ಕೇಳೇನಿ' ಅಂದಳು. 'ಇಲ್ಲಿ ಬೆಲ್ಲ ಹತ್ತೇತಿ ನೋಡ್ರಿ, ಈ ಪುಟದಾಗ ನೀರು ಬಂದೈತಿ ಅಂತ ಐತಿ. ನಮ್ಮ ಓಣಿ ತುದಿಗೆ ಬಂದಿಲ್ಲ.'

ಶಾಸಕರು ಪುಸ್ತಕ ಇಸಿದುಕೊಂಡರು. ಅಂಚಿನಲ್ಲಿ ನಾನು ಬರೆದದ್ದನ್ನೆಲ್ಲ ನಿಂತಲ್ಲೇ ಓದಿದರು. ಎಂಜಿನಿಯರನ್ನು ಕರೆದು ಎಲ್ಲರ ಮುಂದೆ ಕೇಳಿದರು. ಪೈಪು, ನಳ ಹಾಕಿದ್ದು ಖರೆ, ಆದರೆ ಆ ಕಡೆ ನೆಲ ಏರು, ಟ್ಯಾಂಕಿನ ಎತ್ತರ ಸಾಲುತ್ತಿಲ್ಲ ಅಂತ ಅವರು ಒಪ್ಪಿಕೊಂಡರು. 'ನನಗ ನಳದ ಲೆಕ್ಕ ಕೊಟ್ಟಿದ್ರು, ನೀರಿನ ಲೆಕ್ಕ ಕೊಟ್ಟಿರ್ಲಿಲ್ಲವ್ವ' ಅಂದರು ಶಾಸಕರು. ನನಗೆ ಆ ಉತ್ತರ ಮೆಚ್ಚಿಗೆಯಾಯಿತು. ಬಸ್ಸಿನ ವಿಷಯಕ್ಕೆ ಡಿಪೋಕ್ಕೆ ಪತ್ರ ಬರೆಯುತ್ತೇನೆ ಅಂದರು. ಜೋಳದ ಮಾತಿಗೆ ನಕ್ಕು, ಅದು ತಮ್ಮೊಬ್ಬರ ಕೈಲಿಲ್ಲ ಅಂದರು.

ದೊಡ್ಡವ್ವನ ಆಧಾರ್ ನಂಬರ್ ತೆಗೆದುಕೊಂಡು ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಅಲ್ಲೇ ನೋಡಿದರು. ಕಂತುಗಳು ಹೋಗಿದ್ದವು, ಬೇರೆ ಖಾತೆಗೆ. ಇಂಥ ದುಡ್ಡು ನಾವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳುತ್ತದೆ. ಯಾವುದೋ ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳಿಗೆ ಇನ್ನೊಂದು ಖಾತೆ ತೆರೆದಿದ್ದರು. ಅದರ ಪಾಸ್‌ಬುಕ್ ಹಿತ್ತಲ ಕೋಣೆಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಸಿಕ್ಕಿತು.

ಮರುದಿನ ಅವಳ ಜೊತೆ ನಾನೇ ಬ್ಯಾಂಕಿಗೆ ಹೋದೆ. ದುಡ್ಡು ಎಣಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಬಸ್ ನಿಲ್ದಾಣದಲ್ಲಿ ನನಗೆ, ನನ್ನ ಮಗನಿಗೆ ಕುಪ್ಪಸ, ಅಂಗಿ ಕೊಡಿಸುತ್ತೇನೆ ಅಂತ ಹಟ ಹಿಡಿದಳು.

ದೀಪಾವಳಿಗೆ ಹೋದಾಗ ಓಣಿಯ ತುದಿಗೆ ಎರಡು ದಿನಕ್ಕೊಮ್ಮೆ ಸಣ್ಣಗೆ ನೀರು ಬರುತ್ತಿತ್ತು. ಎಂಟರ ಬಸ್ ಹಾಗೇ ತುಂಬಿ ಬರುತ್ತಿತ್ತು. ಬೆಲ್ಲ ಅಂಟಿದ ಆ ಪುಸ್ತಕ ದೊಡ್ಡವ್ವನ ಮನೆಯ ಮಾಡದಲ್ಲಿತ್ತು, ಎರಡು ಪಾಸ್‌ಬುಕ್ಕಿನ ಜೊತೆ. ಕೊನೆಯ ಎರಡು ಪುಟ ಮಾತ್ರ ಅದರಲ್ಲಿ ಇರಲಿಲ್ಲ. ಅದನ್ನು ಹುಡುಗಿಯ ತಾಯಿಗೆ ಕೊಟ್ಟಿದ್ದಳಂತೆ.