ಬರ್ಟ್ ಮಸ್ಟಿನ್ ಮತ್ತು ನಮ್ಮ ನಾಟಕದ ಮೇಷ್ಟ್ರು

ಕಾಲೇಜಿನ ನಾಟಕಗಳಲ್ಲಿ ನನಗೆ ಯಾವಾಗಲೂ ಮುದುಕನ ಪಾತ್ರವೇ. ಮೈ ಸಣಕಲು, ದನಿ ಗೊಗ್ಗರು; ಇನ್ನೇನು ಕೊಡ್ತಾರೆ? ತಲೆಗೆ ಪೌಡರ್ ಮೆತ್ತುವಾಗ ನಾನು ಗೊಣಗಿದರೆ ಸಾಕು, ನಾಟಕ ಮಾಡಿಸುತ್ತಿದ್ದ ಇಂಗ್ಲಿಷ್ ಮೇಷ್ಟ್ರು ಬರ್ಟ್ ಮಸ್ಟಿನ್ ಕಥೆ ತೆಗೆಯುತ್ತಿದ್ದರು.

ಮಸ್ಟಿನ್ ಅಮೆರಿಕದ ಟೀವಿ ನಟ. 1884ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡಿದ್ದು ಕಾರು ಮಾರುವ ಕೆಲಸ. ನಿವೃತ್ತರಾಗಿ ಅರಿಜೋನಾಕ್ಕೆ ಹೋದ ಮೇಲೆ, ಅಲ್ಲಿನ ನಾಟಕವೊಂದರಲ್ಲಿ ನಿರ್ದೇಶಕ ವಿಲಿಯಂ ವೈಲರ್ ಕಣ್ಣಿಗೆ ಬಿದ್ದರು. 1951ರ ‘ಡಿಟೆಕ್ಟಿವ್ ಸ್ಟೋರಿ’ ಸಿನಿಮಾದಲ್ಲಿ ಕಸ ಗುಡಿಸುವವನ ಸಣ್ಣ ಪಾತ್ರ ಸಿಕ್ಕಿತು. ಆಗ ಅವರಿಗೆ 67.

‘67ಕ್ಕೆ ಶುರು ಮಾಡಿದ್ದು ನೋಡಯ್ಯಾ, ನಿಂಗೇನು ಅವಸರ?’ ಅನ್ನುತ್ತಿದ್ದರು ಮೇಷ್ಟ್ರು. ಆ ಮಾತನ್ನು ನಾನೀಗ ಒಪ್ಪುವುದಿಲ್ಲ. ಕಾರು ಮಾರುತ್ತಿದ್ದ ಕಾಲದಲ್ಲೂ ಮಸ್ಟಿನ್ ಹವ್ಯಾಸಿ ನಾಟಕ ಮಾಡುತ್ತಿದ್ದರು, ಹಾಡುತ್ತಿದ್ದರು. 67ಕ್ಕೆ ಶುರುವಾಗಿದ್ದು ಸಿನಿಮಾ ಸಂಬಳ ಅಷ್ಟೇ, ನಟನೆ ಅಲ್ಲ. ಮೇಷ್ಟ್ರಿಗೂ ಇದು ಗೊತ್ತಿತ್ತು ಅನ್ನಿಸುತ್ತೆ. ನನ್ನ ಸಮಾಧಾನಕ್ಕೆ ಕಥೆಯನ್ನು ಸ್ವಲ್ಪ ಕತ್ತರಿಸುತ್ತಿದ್ದರು.

ಅಲ್ಲಿಂದ ಸುಮಾರು 25 ವರ್ಷ, 150ಕ್ಕೂ ಹೆಚ್ಚು ಸಿನಿಮಾ, ಸೀರಿಯಲ್. ಮುಖ ಎಲ್ಲರಿಗೂ ಗೊತ್ತು, ಹೆಸರು ಕೇಳಿದರೆ ತಡವರಿಸುತ್ತಾರೆ. ಹಳೆಯ ಕಂತುಗಳನ್ನು ನಾನು ನೋಡಿದ್ದು ಎಷ್ಟೋ ವರ್ಷದ ಮೇಲೆ. ‘ಲೀವ್ ಇಟ್ ಟು ಬೀವರ್’ನಲ್ಲಿ ಅವರು ಅಗ್ನಿಶಾಮಕ ಠಾಣೆಯ ಅಜ್ಜ ಗಸ್. ಪುಟ್ಟ ಹುಡುಗ ತನ್ನ ತಾಪತ್ರಯ ಹೊತ್ತು ಅಲ್ಲಿಗೆ ಓಡಿ ಬರುತ್ತಾನೆ. ಗಸ್ ಅದನ್ನು ದೊಡ್ಡವರ ತಾಪತ್ರಯದಷ್ಟೇ ಗಂಭೀರವಾಗಿ ಕೇಳಿಸಿಕೊಳ್ಳುತ್ತಾನೆ. ಕಾಲೇಜಿನಲ್ಲಿ ನಮಗೆ ಮುದುಕ ಅಂದರೆ ಕೆಮ್ಮು, ಕೋಲು, ಬಗ್ಗಿದ ಬೆನ್ನು. ಮಸ್ಟಿನ್‌ಗೆ ಅದ್ಯಾವುದೂ ಬೇಕಿರಲಿಲ್ಲ. ನಿಜವಾಗಿಯೂ ಮುದುಕರೇ ಆಗಿದ್ದರಲ್ಲ! ‘ಆಲ್ ಇನ್ ದ ಫ್ಯಾಮಿಲಿ’ಯಲ್ಲಿ ವೃದ್ಧಾಶ್ರಮದಿಂದ ತಪ್ಪಿಸಿಕೊಂಡು ಬಂದ ಕ್ವಿಗ್ಲಿಯಾಗಿ ಬಂದಾಗ ಅವರಿಗೆ 90ರ ಹತ್ತಿರ. ಪಾಪ ಅನ್ನಿಸುವುದಕ್ಕಿಂತ ಆ ತುಂಟತನಕ್ಕೆ ನಗು ಬರುವುದೇ ಜಾಸ್ತಿ.

1976ರ ಡಿಸೆಂಬರ್‌ನಲ್ಲಿ ಪ್ರಸಾರವಾದ ‘ಫಿಲಿಸ್’ ಸೀರಿಯಲ್ಲಿನ ಕಂತೊಂದರಲ್ಲಿ ಅವರದ್ದೇ ಮದುವೆ. ಮದುಮಗಳಾಗಿದ್ದ ಜೂಡಿತ್ ಲೋರಿ ಅದು ತೆರೆಗೆ ಬರುವ ಮುಂಚೆಯೇ ತೀರಿಕೊಂಡರು. ಮುಂದಿನ ತಿಂಗಳು ಮಸ್ಟಿನ್ ಕೂಡ ಹೋದರು. ಪೋಷಕ ನಟರು ಸಾಮಾನ್ಯವಾಗಿ ಬೇರೆಯವರ ಮದುವೆಗೆ ಅಕ್ಷತೆ ಹಾಕುವವರು, ಅಲ್ವಾ? ಇವರಿಗೆ 92ರಲ್ಲಿ ಮದುಮಗನ ಪಾತ್ರವೇ ಸಿಕ್ಕಿತು.