ಕೆಂಪಾಗೇ ಉಳಿದ ಡಿ ಸಾಲು

ದಾಳಿಂಬೆ ಸಿಪ್ಪೆ ನನ್ನ ಮರ್ಯಾದೆ ತೆಗೆದ ಕತೆ ಇದು.

ಬೆಳಗಾವಿಯ ಒಂದು ಲ್ಯಾಬ್‌ನಲ್ಲಿ ಸ್ಕ್ರೀನಿಂಗ್ ನನ್ನ ಕೆಲಸ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಥರ, ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಎಂಜೈಮನ್ನು ತಡೆಯೋದು ಗಿಡಗಳಲ್ಲಿ ಏನಾದರೂ ಸಿಗುತ್ತಾ ಅಂತ ಹುಡುಕೋದು. ನಮ್ಮ ಪರೀಕ್ಷೆಯಲ್ಲಿ ಎಂಜೈಮ್ ಕೆಲಸ ಮಾಡಿದರೆ ಥಯೋಕೋಲಿನ್ ಅನ್ನೋ ವಸ್ತು ಹುಟ್ಟುತ್ತದೆ. ಅದು ಚಿನ್ನದ ನ್ಯಾನೊ ಕಣಗಳನ್ನು ಗುಂಪುಗೂಡಿಸುತ್ತದೆ, ಕೆಂಪು ಬಣ್ಣ ನೀಲಿಗೆ ತಿರುಗುತ್ತದೆ. ಕೆಂಪಾಗೇ ಉಳಿದರೆ ಹಿಟ್, ಅಂದರೆ ಎಂಜೈಮನ್ನು ತಡೆಯೋದು ಸಿಕ್ಕಿತು ಅಂತ.

ಬಾಗಲಕೋಟೆ ಕಡೆಯಿಂದ ತರಿಸಿದ ಸಿಪ್ಪೆಯ ಎಕ್ಸ್‌ಟ್ರ್ಯಾಕ್ಟ್ ಹಾಕಿದ್ದು ಶುಕ್ರವಾರ ಸಂಜೆ. ಹೊರಗೆ ಧೋ ಅಂತ ಮಳೆ. ಹತ್ತು ನಿಮಿಷಕ್ಕೆ ಸಿಪ್ಪೆ ರಸ ಹಾಕದ ಕಂಟ್ರೋಲ್ ನೀಲಿ. ಇಪ್ಪತ್ತಾದರೂ ಪ್ಲೇಟಿನಲ್ಲಿ ರಸ ಹಾಕಿದ ಡಿ ಸಾಲು ಕುಂಕುಮದ ನೀರಿನ ಹಾಗೇ ಇತ್ತು. ರಸ ತೆಳುವಾದ ಕೊನೆಯ ವೆಲ್‌ಗಳಲ್ಲಿ (ಪ್ಲೇಟಿನ ಗುಳಿಗಳಲ್ಲಿ) ಮಾತ್ರ ನೇರಳೆ, ಆಮೇಲೆ ನೀಲಿ. ಡೋಸ್‌ಗೆ ತಕ್ಕ ಹಾಗೆ ಬಣ್ಣ! ಇನ್ನೇನು ಬೇಕು? ಫೋಟೋ ತೆಗೆದು ಗ್ರೂಪಿಗೆ ಹಾಕಿಬಿಟ್ಟೆ. "ಭಾಳ ಚಲೋ, ಸೋಮವಾರದ ಮೀಟಿಂಗಿಗೆ ಸ್ಲೈಡ್ ಮಾಡ್ರಿ" ಅಂದರು ಸರ್.

ಶನಿವಾರ ನಮ್ಮ ಜೂನಿಯರ್ ಹುಡುಗಿ ಮೆಲ್ಲಗೆ ಕೇಳಿದಳು. "ಅಕ್ಕಾರ, ಎಂಜೈಮ್ ಬಿಟ್ಟು ಥಯೋಕೋಲಿನ್ನೇ ಹಾಕಿ ನೋಡಿದ್ರ ಹೆಂಗ್ರಿ?"

ನನಗೆ ಸಿಟ್ಟು ಬಂತು. ಸ್ಲೈಡ್ ಅರ್ಧ ಆಗಿತ್ತು, ಅಲ್ವಾ. ಆದರೂ ಬೇರೆ ಟ್ಯೂಬಿನಲ್ಲಿ ಥಯೋಕೋಲಿನ್ ಮಾಡಿಕೊಂಡು, ಸಿಪ್ಪೆ ರಸ ಬೆರೆಸಿದ ಚಿನ್ನಕ್ಕೆ ಹಾಕಿದೆ. ತಕ್ಷಣ ನೀಲಿ ಆಗಬೇಕು. ಆಗಲಿಲ್ಲ. ಪ್ಲೇಟ್ ಅಲುಗಾಡಿಸಿದೆ. ಬಿಳಿ ಹಾಳೆಯ ಮೇಲಿಟ್ಟು ಬಗ್ಗಿ ನೋಡಿದೆ. ಹದಿನೈದು ನಿಮಿಷ ಅಲ್ಲಿಂದ ಏಳಲಿಲ್ಲ. ಕೆಂಪು ಅಂದರೆ ಕೆಂಪೇ. ಸಿಪ್ಪೆಯ ತುಂಬ ಒಗರಿನ ಟ್ಯಾನಿನ್. ಅದೇ ಕಣಗಳಿಗೆ ಕೋಟು ತೊಡಿಸಿ ಕೂತಿತ್ತು, ಥಯೋಕೋಲಿನ್‌ಗೆ ಜಾಗವೇ ಇಲ್ಲ. ಎಂಜೈಮನ್ನು ಯಾರು ತಡೆದರು?

ಮತ್ತೆ 1961ರ ಎಲ್ಮನ್ ವಿಧಾನವೇ ಗತಿ, ಅದರಲ್ಲಿ ಚಿನ್ನ ಇಲ್ಲ, ಥಯೋಕೋಲಿನ್ ಹುಟ್ಟಿದರೆ ಹಳದಿ ಬಣ್ಣ. ಸರ್‌ಗೆ ಅದು ಹಳೇದು, ಪ್ರಪೋಸಲ್‌ನಲ್ಲಿ ಚೆಂದ ಕಾಣಲ್ಲ. ಬಣ್ಣ ಅಳೆಯುವ ರೀಡರ್‌ಗೆ 412 ನ್ಯಾನೊಮೀಟರ್‌ನ ಫಿಲ್ಟರ್ ಬೇಕು ಅಂತ ಎರಡು ಸಲ ಇಂಡೆಂಟ್ ಕೊಟ್ಟಿದ್ದೇನೆ, ಎರಡೂ ಸಲ ವಾಪಸ್. 405ರಲ್ಲೇ ಓದಿದೆ. ಬ್ಲ್ಯಾಂಕ್, ಅಂದರೆ ರಸದ್ದೇ ಬಣ್ಣ, ಕಳೆದ ಮೇಲೆ ಡಿ ಸಾಲಿನಲ್ಲೂ ಹೆಚ್ಚುಕಮ್ಮಿ ಕಂಟ್ರೋಲ್‌ನಷ್ಟೇ ಹಳದಿ. ಎಂಜೈಮ್ ಆರಾಮಾಗಿ ದುಡಿಯುತ್ತಿತ್ತು.

ಈಗ ಪ್ರತಿ ಪ್ಲೇಟಿನ ಕೊನೆಯ ಸಾಲು ಎಂಜೈಮ್ ಇಲ್ಲದ ಥಯೋಕೋಲಿನ್‌ಗೇ ಮೀಸಲು. ಆ ಸಾಲನ್ನು ಜೂನಿಯರ್ ಹುಡುಗಿಯೇ ಹಾಕುತ್ತಾಳೆ, ನನಗೆ ಮುಟ್ಟೋಕೆ ಬಿಡಲ್ಲ. ಸ್ಲೈಡ್ ಅಳಿಸಿದೆ. ಗ್ರೂಪಿನಲ್ಲಿ ಆ ಫೋಟೋ ಇನ್ನೂ ಇದೆ, ಕೆಳಗೆ ಸಾಲಾಗಿ ಚಪ್ಪಾಳೆಗಳು.